ವಕೀಲರಿಗಾಗಿ ತನಿಖೆ: ಭೀಮುನಿಪಟ್ಟಣದ ಜಮೀನು ಕಾಗದಗಳ ಜಾಡು

ದಾವೆ ಹೂಡುವ ಮೊದಲು, ಇಲ್ಲವೇ ವಿಚಾರಣೆಯ ನಡುವೆ, ವಕೀಲರ ಕಚೇರಿಗೆ ಬೇಕಾದ ಸಂಗತಿಗಳನ್ನು ಹುಡುಕಿ ಪರೀಕ್ಷಿಸಿ ಕೊಡುವುದೇ ಒಂದು ಕಸುಬು. 1972ರಲ್ಲಿ ಜೂಲ್ಸ್ ಕ್ರೋಲ್ ನ್ಯೂಯಾರ್ಕಿನಲ್ಲಿ ಆರಂಭಿಸಿದ ಸಂಸ್ಥೆ ಇದನ್ನು ದೊಡ್ಡ ಉದ್ಯಮವಾಗಿಸಿತು. ಅಮೆರಿಕದ ಸಲಹೆಗಾರರು ಜ್ಯೂರಿ ಸದಸ್ಯರ ಒಲವನ್ನೂ ಅಳೆಯುತ್ತಾರೆ. ನಮ್ಮ ಜಮೀನು ದಾವೆಗಳಿಗೆ ಜ್ಯೂರಿಯಿಲ್ಲ, ಹಾಗಾಗಿ ಇಲ್ಲಿ ಭಾರವೆಲ್ಲ ಕಾಗದದ ಮೇಲೆ.

ಭೀಮಿಲಿಯ ತೊಡಕು

ವಿಶಾಖಪಟ್ಟಣದ ಉತ್ತರಕ್ಕಿರುವ ಭೀಮುನಿಪಟ್ಟಣ, ಜನರ ಬಾಯಲ್ಲಿ ಭೀಮಿಲಿ, 17ನೇ ಶತಮಾನದಲ್ಲಿ ಡಚ್ಚರ ವ್ಯಾಪಾರದ ನೆಲೆಯಾಗಿತ್ತು. 1861ರಲ್ಲೇ ಪುರಸಭೆ ಕಂಡಿತು. ಜಿಲ್ಲೆಯ ಬಹುಭಾಗ ಜಮೀನ್ದಾರಿಗೆ ಸೇರಿತ್ತು. 1948ರ ಎಸ್ಟೇಟ್ ರದ್ದತಿ ಕಾಯ್ದೆಯಿಂದ ರೈತವಾರಿ ಪಟ್ಟಾಗಳು ಬಂದವು. ಸರ್ಕಾರ ಬಡವರಿಗೆ ಹಂಚಿದ ಜಮೀನಿನ ಮಾರಾಟವನ್ನು 1977ರ ಇನ್ನೊಂದು ಕಾಯ್ದೆ ತಡೆಯಿತು. ಒಂದೇ ಸರ್ವೆ ನಂಬರಿನ ಮೇಲೆ ಇಷ್ಟು ಪದರ ಕೂತಿರುವಾಗ, ಕಡಲತೀರದ ಬೆಲೆ ಏರಿದಂತೆ ದಾಖಲೆ ತಿದ್ದುವವರಿಗೂ ಲಾಭ. ವಿಶಾಖಪಟ್ಟಣದ ಭೂಹಗರಣದ ತನಿಖೆಗೆ ಆಂಧ್ರ ಸರ್ಕಾರ 2017ರಲ್ಲಿ ವಿಶೇಷ ತನಿಖಾ ತಂಡ, ಅಂದರೆ ಎಸ್‌ಐಟಿ ರಚಿಸಿತು. 2019ರಲ್ಲಿ ಮತ್ತೊಂದು ಬಂತು.

ಹುಡುಕಾಟದ ದಾರಿ

ಶುರು ಉಪನೋಂದಣಿ ಕಚೇರಿಯಿಂದ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ನಿನಂತೆ, ಸ್ಥಿರಾಸ್ತಿ ಪತ್ರಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿದ ಯಾರಾದರೂ ನೋಡಬಹುದು. ಉಯಿಲುಗಳ ಮೂರನೇ ಪುಸ್ತಕಕ್ಕೆ ಆ ಮುಕ್ತ ಪ್ರವೇಶವಿಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಮುಗಿಯಿತು ಎನ್ನುವವರು ಎಡವುವುದು ಇಲ್ಲೇ: ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ತಂದೆಯಿಂದ ವಾರಸಾಗಿ ಬಂದ ಹಕ್ಕು ಅದರಲ್ಲಿ ಸುಳಿಯುವುದಿಲ್ಲ.

ಆದ್ದರಿಂದ ಅಡಂಗಲ್ (ನಮ್ಮ ಪಹಣಿಯ ಸೋದರ) ಮತ್ತು 1-ಬಿ (ಹಕ್ಕುದಾರಿಕೆಯ) ದಾಖಲೆಗಳನ್ನು ಹಳೆಯ ಸೆಟಲ್‌ಮೆಂಟ್ ರಿಜಿಸ್ಟರಿನ ಪಕ್ಕದಲ್ಲಿಟ್ಟು ಓದಬೇಕು. ಕಂಪ್ಯೂಟರಿನಲ್ಲಿ ಪಟ್ಟಾದಾರನ ಹೆಸರು ಯಾವ ವರ್ಷ, ಯಾರ ಆದೇಶದಿಂದ ಬದಲಾಯಿತು? ಆದೇಶದ ಕಡತವೇ ಇಲ್ಲದಿದ್ದರೆ ಅನುಮಾನಕ್ಕೆ ಅಷ್ಟು ಸಾಕು. ಆ ಸರ್ವೆ ನಂಬರು ನೋಂದಣಿ ಕಾಯ್ದೆಯ 22-ಎ ಸೆಕ್ಷನ್ನಿನ ನಿಷೇಧಿತ ಪಟ್ಟಿಯಲ್ಲಿದೆಯೇ ಎಂದೂ ನೋಡುತ್ತಾರೆ. ಕೊಂಡವರು ಕಂಪನಿಯಾದರೆ ಜಾಡು ವಿಜಯವಾಡದ ಕಂಪನಿ ರಿಜಿಸ್ಟ್ರಾರರ ಕಡೆ ತಿರುಗುತ್ತದೆ. ನಿರ್ದೇಶಕರು ಯಾರು, ಆಸ್ತಿಯ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದು ಅಲ್ಲಿ ಸಲ್ಲಿಸಿದ ಕಾಗದಗಳಲ್ಲೇ ಸಿಗುತ್ತದೆ.

ತಿಳಿದದ್ದೆಲ್ಲ ಸಾಕ್ಷಿಯಲ್ಲ

ಪತ್ತೇದಾರನ ವರದಿ ಎಷ್ಟೇ ನಿಖರವಾಗಿರಲಿ, ಕೋರ್ಟಿಗೆ ಬೇಕಾದದ್ದು ಮೂಲ ಪತ್ರ ಅಥವಾ ದೃಢೀಕೃತ ನಕಲು. ವಾಟ್ಸಾಪ್ ಸಂದೇಶಕ್ಕೆ, ಸಿಸಿಟಿವಿ ಚಿತ್ರಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ನಮೂನೆ ಕಡತದ ಹ್ಯಾಶ್ ಮೌಲ್ಯವನ್ನೂ ಕೇಳುತ್ತದೆ. ಸ್ಥಳದ ಸ್ಥಿತಿ ತಿಳಿಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಂತೆ ಕೋರ್ಟೇ ಕಮಿಷನರನ್ನು ಕಳಿಸಬಹುದು.

ಗಡಿಗಳು

ಖಾಸಗಿ ಪತ್ತೇದಾರ ಸಂಸ್ಥೆಗಳ ನಿಯಂತ್ರಣಕ್ಕೆ 2007ರಲ್ಲಿ ತಂದ ಮಸೂದೆ ಕಾಯ್ದೆಯಾಗಲಿಲ್ಲ. ಲೈಸೆನ್ಸಿನ ಕಾನೂನಿಲ್ಲವೆಂದರೆ ಏನು ಬೇಕಾದರೂ ಮಾಡಬಹುದೆಂದಲ್ಲ: ಫೋನ್ ಕರೆಗಳ ವಿವರವನ್ನು ಅಕ್ರಮವಾಗಿ ಮಾರಿದ ಪ್ರಕರಣದಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು 2018ರಲ್ಲಿ ಖಾಸಗಿ ಪತ್ತೇದಾರರನ್ನು ಬಂಧಿಸಿದ್ದರು. ಕಕ್ಷಿದಾರ ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷೆಯಿದೆ, ಅದು ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯಿಸುತ್ತದೆ. ಹೊರಗಿನ ಸಂಸ್ಥೆಯ ಹೆಸರು ಆ ಸಾಲಿನಲ್ಲಿಲ್ಲ. ಆದ್ದರಿಂದ ಕೆಲಸ ಒಪ್ಪಿಸುವ ಪತ್ರದಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬುದನ್ನು ವಕೀಲರೇ ಮೊದಲು ತೀರ್ಮಾನಿಸಿಕೊಳ್ಳಬೇಕು.