ಹಗ್ಗ ಕೆಳಗೆ ಬಂತು, ಮರದ ಗತಿ?

ಬಂಡೆ ಹತ್ತಿದವನು ಇಳಿಯಲೇಬೇಕಲ್ಲವೇ? ಹಗ್ಗವನ್ನು ಮೇಲೆ ಕಟ್ಟಿ ಇಳಿದರೆ ಅದು ಅಲ್ಲಿಯೇ ಉಳಿಯುತ್ತದೆ. 1876ರಲ್ಲಿ ಫ್ರಾನ್ಸಿನ ಶಾಮೊನಿಯ ಪರ್ವತ ಮಾರ್ಗದರ್ಶಿ ಜಾಂ ಶಾರ್ಲೆ, ಪೆತಿ ದ್ರು ಶಿಖರ ಏರುವ ಪ್ರಯತ್ನದಲ್ಲಿ ಇದಕ್ಕೊಂದು ಯುಕ್ತಿ ಕಂಡುಕೊಂಡ. ಹಗ್ಗವನ್ನು ಜೋಡಿಯಾಗಿ ಕಲ್ಲಿನ ಮೊನೆಗೆ ಬಳಸಿ ಇಳಿಯುವುದು, ಆಮೇಲೆ ಒಂದು ತುದಿ ಎಳೆದುಕೊಳ್ಳುವುದು. 1879ರಲ್ಲಿ ಇಬ್ಬರು ಜೊತೆಗಾರರೊಡನೆ ಆ ಶಿಖರವನ್ನೂ ಏರಿದ.

ಕಲ್ಲಿಗಾದರೆ ಸರಿ. ಮರಕ್ಕೆ ಬಳಸಿ ಎಳೆದರೆ ಹಗ್ಗ ಗರಗಸದಂತೆ ತೊಗಟೆ ಕೊರೆಯುತ್ತದೆ. ಅದರಡಿಯ ಕ್ಯಾಂಬಿಯಂ ಪದರ ಸುತ್ತಲೂ ಹೋದರೆ ಮರ ಉಳಿಯದು ಎಂದು ನಮ್ಮ ವಿಜ್ಞಾನ ಮೇಷ್ಟ್ರು ಪಾಠದಲ್ಲೇ ಹೇಳುತ್ತಾರೆ. ಕೆನಡಾದ ನಯಾಗರ ಕಡಿಬಂಡೆಗಳಲ್ಲಿ ಸಾವಿರ ವರ್ಷ ದಾಟಿದ ಕುಳ್ಳ ಸೀಡರ್ ಮರಗಳಿವೆ. ಜನ ಹತ್ತುವ ಕಡೆ ಅವು ಕಡಿಮೆ, ಇದ್ದವಕ್ಕೆ ಗಾಯ ಹೆಚ್ಚು ಎಂದು 1997ರ ಅಧ್ಯಯನ ತೋರಿಸಿತು.

ಮರ ಹತ್ತಿ ಕೊಂಬೆ ಸವರುವವರ ಉಪಾಯ ನಮಗೆ ಬಹಳ ಹಿಡಿಸಿತು. ಬಂಡೆ ಇಳಿಯುವವರಿಗೂ ಅದು ಒದಗುತ್ತದೆ. ಅಗಲದ ಪಟ್ಟಿಯ ಒಂದು ತುದಿಗೆ ದೊಡ್ಡ ಬಳೆ, ಇನ್ನೊಂದಕ್ಕೆ ಚಿಕ್ಕದು. ಹಗ್ಗ ಓಡುವುದು ಬಳೆಗಳೊಳಗೆ, ತೊಗಟೆಯ ಮೇಲಲ್ಲ. ಇಳಿದಾದ ಮೇಲೆ ದೊಡ್ಡ ಬಳೆಯ ಕಡೆಯ ತುದಿಗೆ ಗಂಟು ಹಾಕಿ ಆಚೆ ತುದಿ ಎಳೆಯಬೇಕು. ಗಂಟು ದೊಡ್ಡ ಬಳೆ ದಾಟಿ ಚಿಕ್ಕದರಲ್ಲಿ ಸಿಕ್ಕಿಕೊಳ್ಳುತ್ತದೆ, ಹಗ್ಗದ ಜೊತೆ ಪಟ್ಟಿಯೂ ಕೆಳಗೆ ಬೀಳುತ್ತದೆ.