ವಂಶಾವಳಿ ಮತ್ತು ವೈದ್ಯಶಿಕ್ಷಣ: ತುಮಕೂರು ಸೀಮೆಯಲ್ಲಿ ಆನುವಂಶಿಕ ಕ್ಯಾನ್ಸರಿನ ಸಮಾಲೋಚನೆ

ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆಂಬ ಅರಿವು ವೈದ್ಯಶಾಸ್ತ್ರಕ್ಕೆ ಮೊದಲು ದೊರೆತುದು ಪ್ರಯೋಗಾಲಯದಿಂದಲ್ಲ, ರೋಗಿಗಳ ಮಾತಿನಿಂದ. 1895ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬಳು, ತನ್ನ ಬಂಧುಗಳಂತೆ ತಾನೂ ಕ್ಯಾನ್ಸರಿನಿಂದಲೇ ಸಾಯುವೆನೆಂದು ಆಲ್ಡ್ರೆಡ್ ವಾರ್ಥಿನ್ ಎಂಬ ರೋಗಶಾಸ್ತ್ರಜ್ಞನಿಗೆ ಹೇಳಿದಳು, ಹಾಗೆಯೇ ತೀರಿಕೊಂಡಳು. ಆ ಮನೆತನದ ವಂಶಾವಳಿಯನ್ನು ಆತ 1913ರಲ್ಲಿ ಪ್ರಕಟಿಸಿದನು. 'ಆನುವಂಶಿಕ ಸಮಾಲೋಚನೆ' ಎಂಬ ಪದವನ್ನು ಶೆಲ್ಡನ್ ರೀಡ್ 1947ರಲ್ಲಿ ಬಳಕೆಗೆ ತಂದನು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಜೀನುಗಳು ಪತ್ತೆಯಾದುದು 1994-95ರಲ್ಲಿ.

ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ತಳಿಶಾಸ್ತ್ರವೂ ಬಹುಕಾಲ ಬೇರೆ ಬೇರೆ ದಾರಿಯಲ್ಲಿಯೇ ನಡೆದವು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಲ್ಲಿ ಮೊದಲಾಯಿತು. ಅದೇ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ.ಎಚ್. ಬಿಟಲ್ಸ್ ಮೊದಲಾದವರು ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳನ್ನು ಪರೀಕ್ಷಿಸಿ, ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲಿ ನಡೆದುದನ್ನು ಕಂಡರು. ಹೀಗಾಗಿ ಸಮಾಲೋಚನೆಯೆಂದರೆ ಮಕ್ಕಳ ಕಾಯಿಲೆಯ ವಿಷಯವೆಂಬ ಭಾವನೆ ಬೆಳೆಯಿತು. ಪ್ರಸವಪೂರ್ವ ಪತ್ತೆಯನ್ನು ನಿಯಂತ್ರಿಸುವ 1994ರ ಕಾಯ್ದೆಯೂ ಆ ಪದವನ್ನು ಭ್ರೂಣಪರೀಕ್ಷೆಗೇ ಜೋಡಿಸಿತು.

ಇದರ ಜೊತೆಗೇ ಒಂದು ತಪ್ಪುಗ್ರಹಿಕೆಯೂ ಉಳಿಯಿತು: ಸಂಬಂಧದಲ್ಲಿ ಮದುವೆಯಾಗದಿದ್ದರೆ ವಂಶರೋಗದ ಭಯವಿಲ್ಲ ಎಂಬುದು. ಬಿಆರ್‌ಸಿಎ ದೋಷಕ್ಕೆ ಇದು ಹೊಂದದು. ತಂದೆಯಿಂದಾಗಲಿ ತಾಯಿಯಿಂದಾಗಲಿ ಬಂದ ಒಂದೇ ದೋಷಯುಕ್ತ ಪ್ರತಿ ಸಾಕು. ಪ್ರತಿ ಮಗುವಿಗೂ ಅದು ಇಳಿಯುವ ಸಂಭವ ಅರ್ಧದಷ್ಟು. ತಂದೆ ನಿರೋಗಿಯಾಗಿದ್ದೇ ಅದನ್ನು ಮಗಳಿಗೆ ದಾಟಿಸಬಲ್ಲನು. ರಕ್ತಸಂಬಂಧದ ಅಪಾಯ ಇಲ್ಲಿ ಬೇರೆ ಬಗೆಯದು: ಬಿಆರ್‌ಸಿಎ-2ರ ದೋಷ ಇಬ್ಬರಿಂದಲೂ ಬಂದರೆ ಮಗುವಿಗೆ ಫ್ಯಾಂಕೋನಿ ರಕ್ತಹೀನತೆ ತಟ್ಟಬಹುದು.

ಗುಬ್ಬಿ ಅಥವಾ ಕುಣಿಗಲಿನ ಹಳ್ಳಿಯ ಹೆಂಗಸು ಎದೆಯ ಗಂಟನ್ನು ಸಾಮಾನ್ಯವಾಗಿ ಮೊದಲು ತೋರಿಸುವುದು ಹತ್ತಿರದ ವೈದ್ಯರಿಗೆ. ತುಮಕೂರು, ಬೆಂಗಳೂರುಗಳು ಅನಂತರದವು. ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು 1988ರಿಂದ ಇದೆ. ಆದರೆ ಈ ವಿದ್ಯೆಯ ತೊಡಕು ಪಠ್ಯದಲ್ಲಿರುವುದಕ್ಕಿಂತ ಹೆಚ್ಚಾಗಿ ಭಾಷೆಯಲ್ಲಿದೆ. "ನಮ್ಮತ್ತೆಗೂ ಹಿಂಗೇ ಗಂಟಾಗಿತ್ತು" ಎಂದು ಆಕೆ ಹೇಳಿದರೆ, ಆ ಅತ್ತೆ ಯಾರು? ತಂದೆಯ ಅಕ್ಕತಂಗಿಯಾದರೆ ರಕ್ತಸಂಬಂಧಿ. ಸೋದರಮಾವನ ಹೆಂಡತಿಯಾದರೆ ಸಾಮಾನ್ಯವಾಗಿ ಅಲ್ಲ. ಗಂಡನ ತಾಯಿಯಾದರೆ ಮತ್ತೂ ಕೇಳಬೇಕು, ಏಕೆಂದರೆ ಸೋದರಮಾವನನ್ನೇ ಮದುವೆಯಾದವಳಿಗೆ ಅತ್ತೆಯೇ ಅಜ್ಜಿ. ದೊಡ್ಡಮ್ಮ, ಚಿಕ್ಕಮ್ಮ ಎಂಬ ಮಾತುಗಳಲ್ಲಿಯೂ ತಾಯಿಯ ಒಡಹುಟ್ಟಿದವರು ಮತ್ತು ತಂದೆಯ ಅಣ್ಣತಮ್ಮಂದಿರ ಹೆಂಡಿರು ಕೂಡಿಕೊಂಡಿದ್ದಾರೆ. ಇವೆಲ್ಲವೂ ಇಂಗ್ಲಿಷ್ ಕೇಸ್‌ಶೀಟಿನಲ್ಲಿ 'ಆಂಟಿ' ಎಂಬ ಒಂದೇ ಪದವಾದಾಗ ತಂದೆಯ ಕಡೆಯ ವಂಶವೇ ಅಳಿಸಿಹೋಗುತ್ತದೆ.

2019ರ ಎಂಬಿಬಿಎಸ್ ಪಠ್ಯಕ್ರಮ ರೋಗಿಯೊಡನೆ ಮಾತಾಡುವ ಬಗೆಯನ್ನೂ ಪಾಠವಾಗಿಸಿತು. ಮೂರು ತಲೆಮಾರಿನ ವಂಶಾವಳಿಯನ್ನು ಕನ್ನಡದಲ್ಲಿ ಕೇಳಿ ಬರೆದುಕೊಳ್ಳುವ ಅಭ್ಯಾಸವನ್ನು ಅಲ್ಲಿಯೇ ಮಾಡಿಸಬಹುದು. ಇದಕ್ಕೆ ಯಂತ್ರ ಬೇಡ, ಅರ್ಧ ಗಂಟೆಯ ಸಮಯ ಬೇಕು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಷ್ಟೂ ಸುಲಭವಲ್ಲವೆನ್ನುವುದು ಬೇರೆ ಮಾತು. ಸಾಧ್ಯವಿದ್ದಲ್ಲಿ ಮೊದಲು ಪರೀಕ್ಷಿಸಬೇಕಾದುದು ಕಾಯಿಲೆ ಬಿದ್ದವಳನ್ನೇ. ಅವಳು ತೀರಿಕೊಂಡ ಬಳಿಕ, ಮದುವೆಗೆ ಬಂದ ಮಗಳೊಬ್ಬಳನ್ನೇ ಪರೀಕ್ಷಿಸಿ ದೋಷ ಕಾಣದಿದ್ದರೂ, ಅವಳು ಪಾರಾದಳೆಂದು ಹೇಳುವಂತಿಲ್ಲ.