ಹಳೆಯ ಭಾವಚಿತ್ರಕ್ಕೆ ಹೊಸ ಮುಖ: ರವಿವರ್ಮನಿಂದ ಸೆಲ್ಫಿಯವರೆಗೆ

ಐತಿಹಾಸಿಕ ಭಾವಚಿತ್ರವೊಂದರ ಉಡುಗೆ, ಭಂಗಿ, ಹಿನ್ನೆಲೆಗಳನ್ನು ಮರುಸೃಷ್ಟಿಸಿ, ಅದರೊಳಗೆ ಇಂದಿನ ವ್ಯಕ್ತಿಯನ್ನು ನಿಲ್ಲಿಸಿ ಛಾಯಾಚಿತ್ರ ತೆಗೆಯುವುದು ಸಮಕಾಲೀನ ಕಲೆಯ ಒಂದು ಪ್ರಮುಖ ಪ್ರಕಾರ. ಕರ್ನಾಟಕದಲ್ಲಿ ಇದಕ್ಕೆ ಗಟ್ಟಿಯಾದ ನೆಲೆ ಒದಗಿಸಿದವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ.

1956ರಲ್ಲಿ ಜನಿಸಿದ ಪುಷ್ಪಮಾಲಾ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಅಭ್ಯಸಿಸಿದವರು. 1990ರ ದಶಕದ ನಡುವಿನಿಂದ ಕ್ಯಾಮೆರಾದ ಮುಂದೆ ತಾವೇ ಪಾತ್ರವಾಗತೊಡಗಿದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000–2004ರಲ್ಲಿ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಸರಣಿ ಅವರ ಪ್ರಸಿದ್ಧ ಕೃತಿ. ರಾಜಾ ರವಿವರ್ಮನ ಬೆಳದಿಂಗಳ ಚೆಲುವೆ ಮತ್ತು ಲಕ್ಷ್ಮಿ, ಬಿಜಾಪುರ ಶೈಲಿಯ ಯೋಗಿನಿ, ಚಲನಚಿತ್ರದ ನಾಯಕಿ, ಹೀಗೆ ಎಲ್ಲ ಪಾತ್ರಗಳಲ್ಲೂ ಅವರೇ. ಚೌಕಳಿ ಪರದೆಯ ಮುಂದೆ ನಿಲ್ಲಿಸಿ ದೇಹದ ಅಳತೆ ತೆಗೆಯುತ್ತಿದ್ದ ವಸಾಹತು ಕಾಲದ ಜನಾಂಗೀಯ ಛಾಯಾಚಿತ್ರಗಳ ಮರುಸೃಷ್ಟಿಯೂ ಇಲ್ಲಿದೆ. ದೇವತೆಯೂ ‘ಬುಡಕಟ್ಟಿನ ಮಾದರಿ’ಯೂ ಅಕ್ಕಪಕ್ಕ ನಿಂತಾಗ, ಎರಡನ್ನೂ ರೂಪಿಸಿದ್ದು ನೋಡುವವರ ಕಣ್ಣು ಎಂಬುದು ಮನವರಿಕೆಯಾಗುತ್ತದೆ.

ಮುಂದೆ ಸಾಮಾಜಿಕ ಜಾಲತಾಣಗಳು ಇದೇ ವಿಧಾನವನ್ನು ಜನಸಾಮಾನ್ಯರ ಕೈಗಿತ್ತವು. 2020ರ ಲಾಕ್‌ಡೌನ್ ವೇಳೆ ಲಾಸ್ ಏಂಜಲೀಸ್‌ನ ಗೆಟ್ಟಿ ವಸ್ತುಸಂಗ್ರಹಾಲಯದ ಕರೆಗೆ ಓಗೊಟ್ಟು, ಜನರು ಮನೆಯ ಬೆಡ್‌ಶೀಟು, ಪಾತ್ರೆಗಳನ್ನೇ ಬಳಸಿ ಪ್ರಸಿದ್ಧ ವರ್ಣಚಿತ್ರಗಳನ್ನು ಅಭಿನಯಿಸಿದರು. 2020ರ ಕ್ಯಾಲೆಂಡರೊಂದಕ್ಕಾಗಿ ಛಾಯಾಗ್ರಾಹಕ ಜಿ. ವೆಂಕಟ್ ರಾಮ್ ನಟಿಯರನ್ನು ರವಿವರ್ಮನ ನಾಯಕಿಯರನ್ನಾಗಿಸಿದ ಚಿತ್ರಗಳೂ ಜಾಲತಾಣಗಳಲ್ಲಿ ಹರಡಿದವು. ಆದರೆ ಅಲ್ಲಿ ಸೊಬಗು ಉಳಿದು, ಪ್ರಶ್ನೆ ಹಿಂದೆ ಸರಿಯಿತು.

ಉತ್ತರ ಕನ್ನಡಕ್ಕೆ ಈ ಪ್ರಶ್ನೆ ದೂರದ್ದಲ್ಲ. 2021ರ ನವೆಂಬರ್‌ನಲ್ಲಿ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಬರಿಗಾಲಿನಲ್ಲಿ, ಹಾಲಕ್ಕಿ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಧರಿಸಿ ಪದ್ಮಶ್ರೀ ಸ್ವೀಕರಿಸಿದ ಚಿತ್ರ ದೇಶದಾದ್ಯಂತ ಮೊಬೈಲ್‌ಗಳನ್ನು ತಲುಪಿತು. ವಸಾಹತು ಕಾಲದ ಆಲ್ಬಮ್‌ಗಳಲ್ಲಿ ಇಂಥ ಮಹಿಳೆಯರಿಗೆ ಬಹುಪಾಲು ಜಾತಿಯ ಹೆಸರಿತ್ತೇ ಹೊರತು ಸ್ವಂತ ಹೆಸರಿರಲಿಲ್ಲ. ತುಳಸಿ ಗೌಡರಿಗೆ ಹೆಸರೂ ಇತ್ತು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಸಿ ಬೆಳೆಸಿದ ದುಡಿಮೆಯೂ ಇತ್ತು. 2024ರ ಡಿಸೆಂಬರ್ 16ರಂದು ಅವರು ನಿಧನರಾದರು.

ಹಾಲಕ್ಕಿ ಮಹಿಳೆಯರ ಚಿತ್ರಗಳನ್ನು ಹೆಸರಿಲ್ಲದೆ ಹಂಚಿಕೊಳ್ಳುವವರು, ಪುಷ್ಪಮಾಲಾ ಪ್ರಶ್ನಿಸಿದ ಹಳೆಯ ಆಲ್ಬಮ್‌ಗೆ ಇನ್ನೊಂದು ಪುಟ ಸೇರಿಸುತ್ತಿದ್ದಾರೆ.